ಕುಂಬಳದ ಎಲೆಗೆ ಹಳದಿ ಮಚ್ಚೆ ಬಂದದ್ದು

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬಳ್ಳಿಗಳಿಗೆ ಮಾತು ಬರುತ್ತಿತ್ತು. ಅವುಗಳ ಎಲೆಗಳೆಲ್ಲ ಹಸಿರೋ ಹಸಿರು, ಒಂದು ಮಚ್ಚೆಯೂ ಇರಲಿಲ್ಲ.

ಆಗ ಕುಂಬಳ, ಸೋರೆ, ಹೀರೆ, ಸೌತೆ ಎಲ್ಲವೂ ಇದ್ದದ್ದು ಸಂಕವ್ವ ಎಂಬ ಮುದುಕಿಯ ಹಿತ್ತಲಿನಲ್ಲಿ ಮಾತ್ರ. ಅವಳು ಬೀಜವನ್ನೆಲ್ಲ ಬಿತ್ತಿಬಿಟ್ಟಿದ್ದಳು, ಗಡಿಗೆ ಬರಿದಾಗಿತ್ತು. ಈ ಬಳ್ಳಿಗಳು ಕಾಯಿ ಬಿಡದಿದ್ದರೆ ಮುಂದೆ ಲೋಕದಲ್ಲಿ ಕುಂಬಳವೂ ಇಲ್ಲ, ಸೌತೆಯೂ ಇಲ್ಲ.

ಅದಕ್ಕೇ ಅವಳು ದಿನಾ ಬೆಳಿಗ್ಗೆ ಒಂದೊಂದಾಗಿ ಎಲ್ಲ ಬಳ್ಳಿಗಳ ಕುಡಿ ಚಿವುಟುತ್ತಿದ್ದಳು. ಕುಡಿ ಚಿವುಟಿದರೆ ಕವಲು ಹೆಚ್ಚು, ಕವಲು ಹೆಚ್ಚಿದರೆ ಕಾಯಿ ಹೆಚ್ಚು. ಹೆಬ್ಬೆರಳಿನ ಉಗುರನ್ನು ಅದಕ್ಕೆಂದೇ ಬೆಳೆಸಿದ್ದಳು.

ಒಂದು ದಿನ ಗಿಡಹೇನೊಂದು ಎಲ್ಲಿಂದಲೋ ಬಂದು ಸೌತೆಯ ರಸ ಹೀರಿತು. ಅದರ ಬಾಯಿಂದ ನಂಜು ಒಳಗಿಳಿಯಿತು. ನಂಜಿಗೆ ಕೈಯಿಲ್ಲ, ಕಾಲಿಲ್ಲ, ಹೊಟ್ಟೆಯೂ ಇಲ್ಲ. ಗೊತ್ತಿದ್ದದ್ದು ಒಂದೇ ಕಸುಬು, ತನ್ನಂಥದೇ ಇನ್ನೊಂದನ್ನು ಮಾಡುವುದು. ಅದೂ ಬಳ್ಳಿಯ ಮನೆಯಲ್ಲಿ ಕೂತು, ಬಳ್ಳಿಯ ಅಕ್ಕಿಬೇಳೆಯಲ್ಲೇ.

ಕೆಲವೇ ದಿನಗಳಲ್ಲಿ ಸೌತೆಯ ಎಲೆ ಹಳದಿ ತಿರುಗಿ ಮುದುಡಿತು. ಅಷ್ಟರಲ್ಲಿ ಹೆಚ್ಚಿದ್ದ ಗಿಡಹೇನುಗಳನ್ನು ಸಂಕವ್ವ ಒಂದೂ ಬಿಡದೆ ಆರಿಸಿ ಹಾಕಿದಳು. ಆಮೇಲೆ ಎಂದಿನಂತೆ ಸೌತೆಯಿಂದ ಶುರುಮಾಡಿ ಎಲ್ಲ ಬಳ್ಳಿಗಳ ಕುಡಿ ಚಿವುಟುತ್ತ, ಹಳದಿ ಅಂಗಿಯವನು, ಈ ನಂಜು, ಬಂದರೆ ಬಾಗಿಲು ತೆಗೆಯಬೇಡಿ ಎಂದು ಒಂದೊಂದಕ್ಕೂ ಹೇಳಿದಳು.

ಬಳ್ಳಿಗಳು ಬಾಗಿಲು ತೆಗೆಯಲಿಲ್ಲ. ಆದರೆ ನಂಜಿನದು ಬಲು ಅವಸರದ ಕೆಲಸ. ನೂರು ಮಾಡಿದರೆ ಒಂದು ಸೊಟ್ಟಗಾಗುತ್ತಿತ್ತು. ಹಾಗೆ ಸೊಟ್ಟಗಾದವನೊಬ್ಬನ ಅಂಗಿಯ ಮೇಲೆ ಹಸಿರು ಉಂಗುರಗಳಿದ್ದವು. ನಾನು ಅವನಲ್ಲ ಎಂದ, ಹೀರೆ ನಂಬಿತು. ಮತ್ತೊಬ್ಬನ ಅಂಗಿಯಲ್ಲಿ ಬಿಳಿ ಗೆರೆಗಳು. ಸೋರೆಯೂ ನಂಬಿತು. ಕೊನೆಗೆ ಕುಂಬಳದೊಳಗೂ ಯಾವನೋ ಹೊಕ್ಕ. ಹೊಕ್ಕವನ ಅಂಗಿಯಂತೆಯೇ ಆಯಾ ಬಳ್ಳಿಯ ಎಲೆಗೆ ಮಚ್ಚೆ ಬಿತ್ತು.

ಹಿತ್ತಲಿನಲ್ಲಿ ಒಂದು ಹೇನೂ ಇಲ್ಲ. ಮತ್ತೆ ಇವರು ಬಳ್ಳಿಯಿಂದ ಬಳ್ಳಿಗೆ ದಾಟುವುದು ಹೇಗೆ? ಸಂಕವ್ವ ನಂಜನ್ನೇ ಕೇಳಿದಳು.

"ನಮಗ ಕಾಲ ಎಲ್ಲಿ ಅದಾವ ಯವ್ವಾ?" ಎಂದಿತು ನಂಜು. "ದಿನಾ ಮುಂಜಾನೆ ನಿನ್ನ ಉಗುರಿನ ಮ್ಯಾಲ ಕೂತು ಬರ್ತೀವಿ."

ಸಂಕವ್ವ ಉಗುರು ನೋಡಿಕೊಂಡಳು. ಅದರ ಸಂದಿಯಲ್ಲಿ ಸೌತೆಯ ರಸ ಹಸಿರಾಗಿ ಅಂಟಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು. ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು. ಅತ್ತು ಮುಗಿಸಿ ಉಗುರನ್ನು ಕಲ್ಲಿಗೆ ತಿಕ್ಕಿ ಸವೆಸಿದಳು, ಬೂದಿ ಹಚ್ಚಿ ಕೈ ತೊಳೆದಳು. ಸೊರಗಿ ಬಿದ್ದ ಬಳ್ಳಿಗಳನ್ನು ಕಿತ್ತು ದೂರ ಹೂಳಿದಳು. ಮಚ್ಚೆ ಬಿದ್ದ ಕುಂಬಳಕ್ಕೂ ಕೈ ಹಾಕಿದಾಗ ಅದು ಬೇಡಿಕೊಂಡಿತು.

"ಮಚ್ಚಿ ಇದ್ರ ಇರಲಿ, ಯವ್ವಾ. ಕಾಯಿ ಬಿಡೂತನಕ ತಡಿ."

ಸಂಕವ್ವ ತಡೆದಳು. ಮಚ್ಚೆ ಹೊತ್ತೂ ನಿಂತಿದ್ದ ಸೋರೆ, ಹೀರೆ, ಸೌತೆಗಳನ್ನೂ ಉಳಿಸಿಕೊಂಡಳು. ಕಾಯಿ ಬಂದವು, ಸಣ್ಣವು, ಗಂಟುಗಂಟಾದವು. ಒಡೆದು ನೋಡಿದರೆ ಒಳಗೆ ಬೀಜ ತುಂಬಿತ್ತು. ಗಡಿಗೆಯೂ ತುಂಬಿತು.

ನಂಜಿನ ಅವಸರ ಇನ್ನೂ ಮುಗಿದಿಲ್ಲ. ಅದಕ್ಕೇ ಇವತ್ತಿಗೂ ಒಂದು ಬಳ್ಳಿಯ ಮಚ್ಚೆ ಇನ್ನೊಂದರ ಮಚ್ಚೆಯಂತಿಲ್ಲ, ಅದಕ್ಕೇ ನಿನ್ನಜ್ಜಿ ಕುಂಬಳದ ಕುಡಿ ಮುಟ್ಟುವ ಮೊದಲು ಬೂದಿಯಲ್ಲಿ ಕೈ ತಿಕ್ಕಿಕೊಳ್ಳುತ್ತಾಳೆ.