ಗಾಳೆವ್ವನ ಸೇತುವೆ

ನಂದಿಹಾಳಿನ ಬಳಿ ಹೆದ್ದಾರಿಯು ಕರಿಹೊಳೆಯನ್ನು ದಾಟುವಲ್ಲಿ, ಉಕ್ಕಿನ ತೊಲೆಗಳನ್ನು ತ್ರಿಕೋನಗಳಾಗಿ ಹೆಣೆದು ಕಟ್ಟಿದ ದೊಡ್ಡ ಸೇತುವೆಯೊಂದಿದೆ. ಲಾರಿಗಳು ಅದರ ಮೇಲೆ ಗುಡುಗುತ್ತ ಹೋಗುತ್ತವೆ. ಇಲಾಖೆಯ ಫಲಕದಲ್ಲಿ ಅದಕ್ಕೆ ಬರೀ ಒಂದು ಸಂಖ್ಯೆ. ಆದರೆ ಬಸ್ಸಿನ ಕಂಡಕ್ಟರುಗಳಿಂದ ಹಿಡಿದು ಮೀನು ಮಾರುವವರವರೆಗೆ ಎಲ್ಲರ ಬಾಯಲ್ಲೂ ಅದು ಗಾಳೆವ್ವನ ಸೇತುವೆ. ಗಾಳೆವ್ವ ಎಂದರೆ ಈ ಕಡವಿನಲ್ಲಿ ಮೂವತ್ತು ವರ್ಷ ಹರಿಗೋಲು ನಡೆಸಿದ ಅಂಬಿಗರ ಹೆಂಗಸು.

ಹಿಂದೆ ಒಮ್ಮೆ, ಇದಿನ್ನೂ ಗಾಡಿದಾರಿಯಾಗಿದ್ದಾಗ, ಸೇತುವೆ ಕಟ್ಟಲು ವಾಸುದೇವಮೂರ್ತಿ ಎಂಬ ಇಂಜಿನಿಯರರು ಬಂದರು. ಸೇತುವೆಯನ್ನು ಹೊರಬೇಕಾದ ಒಂದೇ ಕಂಬಕ್ಕೆ ಹೊಳೆಯ ಸರಿನಡುವೆ ಗುರುತು ಹಾಕಿಸುತ್ತಿದ್ದಾಗ ಗಾಳೆವ್ವ ಹರಿಗೋಲು ನಿಲ್ಲಿಸಿ, "ಅಲ್ಲಿ ಕಂಬ ನಿಲ್ಲಂಗಿಲ್ರಿ ಸಾಹೇಬ್ರ. ಉಸುಕಿನ ಕೆಳಗೂ ಉಸುಕೇ ಐತಿ" ಎಂದಳಂತೆ. ಸೇತುವೆಯಾದರೆ ಇವಳ ಹರಿಗೋಲು ಮೂಲೆಗೆ ಬೀಳುತ್ತದೆ, ಅದಕ್ಕೇ ಹೆದರಿಸುತ್ತಿದ್ದಾಳೆ ಎಂದು ಗುತ್ತಿಗೆದಾರ ನಕ್ಕ. ಸಾಹೇಬರೂ ನಕ್ಕರು. ಗಾಳೆವ್ವ ಹುಟ್ಟು ಹಾಕುತ್ತ ಹೋದಳು. ಆ ಮಳೆಗಾಲದ ಮೊದಲ ಮಹಾಪೂರಕ್ಕೇ, ಆಳೆತ್ತರ ಎದ್ದಿದ್ದ ಕಂಬ ವಾಲಿತು. ಮೂರನೆಯ ದಿನ ಕಾಣದಾಯಿತು.

ನೀರು ಇಳಿದ ಮೇಲೆ ಸಾಹೇಬರು ತಾವೇ ಅವಳ ಗುಡಿಸಲಿಗೆ ನಡೆದು ಬಂದು, "ತಪ್ಪು ನನ್ನದು ತಾಯಿ. ಬಂಡೆ ಎಲ್ಲಿದೆ, ತೋರಿಸುತ್ತೀರಾ?" ಎಂದು ಕೇಳಿದರು ಎನ್ನುತ್ತಾರೆ. ಗಾಳೆವ್ವ ಅವರನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು, ಕಂಬ ಬಿದ್ದ ಜಾಗದಿಂದ ಮೂಡಣ ದಂಡೆಯ ಕಡೆಗೆ ಹತ್ತು ಮಾರು ಸರಿದು, ಬಿದಿರಿನ ಗಳವನ್ನು ಅವರ ಕೈಗೇ ಕೊಟ್ಟು ಇಳಿಸಲು ಹೇಳಿದಳು. ಉಸುಕು ದಾಟಿ ಗಳ ಬಂಡೆಗೆ ಬಡಿದ ಪೆಟ್ಟಿಗೆ ಸಾಹೇಬರ ಅಂಗೈ ಜುಮ್ಮೆಂದಿತು. "ಇದನ್ನು ತೋರಿಸಿದರೆ ನಿಮ್ಮ ಕಸುಬೇ ಹೋಗುತ್ತದಲ್ಲ?" ಎಂದರು.

"ಹೋಗ್ಲಿ ಬಿಡ್ರಿ. ಹೊಳಿ ತುಂಬಿದ್ರ ನನ್ನ ಹರಿಗೋಲು ದಂಡಿಗೇ ಬಿದ್ದಿರತೈತಿ. ನನ್ನ ಮಗಳು ಹೆರಿಗಿ ಬ್ಯಾನ್ಯಾಗ, ಆಚೀಕಡಿ ದವಾಖಾನಿ ನೋಡಕೋತ, ಈ ದಂಡೀಮ್ಯಾಲ ಜೀವ ಬಿಟ್ಲು. ಇನ್ನೊಬ್ಬಾಕಿ ಹಂಗ ಹೋಗಬಾರದು."

ಸಾಹೇಬರು ನಕ್ಷೆಯನ್ನೇ ಬದಲಿಸಿದರು. ಸೇತುವೆ ಮುಗಿದ ದಿನ ದೊಡ್ಡ ದೊಡ್ಡವರು ಕಾದು ನಿಂತಿದ್ದರೂ ಗಾಳೆವ್ವನನ್ನೇ ಮುಂದೆ ಬಿಟ್ಟು, ತಾವು ಅವಳ ಹಿಂದೆ ನಡೆದರು. ಆಕೆ ಕಂಬದ ಮೇಲಕ್ಕೆ ಬಂದಾಗ ಕಾಲಿನಿಂದ ಒಮ್ಮೆ ಗಟ್ಟಿಯಾಗಿ ಒದ್ದು ನೋಡಿ, "ಅಲ್ಲಾಡಂಗಿಲ್ಲ" ಎಂದು ಮುಂದೆ ಸಾಗಿದಳಂತೆ.

ಅಲ್ಲಿಂದೀಚೆಗೆ ಎಷ್ಟೋ ಮಹಾಪೂರಗಳು ಬಂದು ಹೋಗಿವೆ. ಇಂದಿಗೂ ದಂಡೆಯಲ್ಲಿ ನಿಂತು ನೋಡಿದರೆ ಸೇತುವೆಯ ಎರಡು ಭಾಗಗಳು ಸಮವಿಲ್ಲ. ಪಡುವಣದ್ದು ಉದ್ದ, ಮೂಡಣದ್ದು ಗಿಡ್ಡ. ಕಟ್ಟಿದವರ ಅಳತೆ ತಪ್ಪಿರಬೇಕು ಎಂದು ಹೊರಗಿನವರು ಆಡಿಕೊಳ್ಳುವುದುಂಟು. ಅಂಥವರಿಗೆ ನಂದಿಹಾಳಿನವರು ಎದೆಯುಬ್ಬಿಸಿ ಹೇಳುತ್ತಾರೆ: "ಅದು ನಮ್ಮ ಗಾಳೆವ್ವ ನಿಲ್ಲಿಸಿದ ಕಂಬರೀ!"