ಮೈಕಿನ ದಾಮು ಹಾಡು ತುಂಡು ಮಾಡಲಿಲ್ಲ

ಬಹಳ ಹಿಂದೆ, ಹೊಳೆ ಹೋಗಿ ಕಡಲಿಗೆ ಬೀಳುವ ಅಳಿವೆಯ ಬಾಯಲ್ಲಿ ಒಂದು ಊರಿತ್ತು. ಯಾವ ಕಾಲ ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಲಾಂಚು ಇತ್ತು, ಮೈಕು ಇತ್ತು, ಅಷ್ಟು ಹಿಂದೆ. ಆ ಊರಲ್ಲಿ ದಾಮು ಅಂತ ಒಬ್ಬ ಇದ್ದನಂತೆ. ಮೈಕಿನ ದಾಮು. ಅವನ ಕತೆ ಹೇಳುವಾಗೆಲ್ಲ ನನಗೆ ಮೈ ಉರಿಯುತ್ತದೆ. ಉರಿಯಲಿ, ನೀವು ಕೇಳಿ.

ಕಡಲ ನಡುವಿನ ದ್ವೀಪ ನೋಡಲು ಊರೂರಿನಿಂದ ಜನ ಬರುತ್ತಿದ್ದರು. ಅವರನ್ನು ಕೂರಿಸಿಕೊಂಡು ಹೋಗುವ ಲಾಂಚಿನಲ್ಲಿ ದಾಮು ಹಾಡುಗಾರ. ಎಂಥ ಹಾಡು? ಆ ವರ್ಷ ಪೇಟೆಯಲ್ಲಿ ಓಡುವ ಹಾಡು, ಸಿನಿಮಾ ಹಾಡು, ಕುಣಿಯುವ ಹಾಡು. ಕನ್ನಡದವರಿಗೆ ಕನ್ನಡ, ಹಿಂದಿಯವರಿಗೆ ಹಿಂದಿ, ಬಿಳಿಯರು ಹತ್ತಿದರೆ ಅರ್ಥ ಗೊತ್ತಿಲ್ಲದ ಇಂಗ್ಲಿಷು. ಅವನ ಕೈಚಳಕ ಇದ್ದದ್ದು ಒಂದರಲ್ಲಿ. ಅವನ ಹಾಡು ತುಂಡಾಗುತ್ತಿರಲಿಲ್ಲವಂತೆ. ಒಂದರ ಬಾಲಕ್ಕೆ ಇನ್ನೊಂದರ ತಲೆ ಹೊಲಿದುಬಿಡುತ್ತಿದ್ದ. ಯಾಕೆಂದರೆ ಅಳಿವೆ ದಾಟುವಾಗ ಲಾಂಚು ಎದ್ದು ಬೀಳುತ್ತದೆ. ಹಾಡು ನಿಂತಿತೋ, ಜನರಿಗೆ ತೆರೆ ಕಾಣುತ್ತದೆ, ಹೊಟ್ಟೆ ತೊಳಸುತ್ತದೆ, ಮಕ್ಕಳು ಚೀರುತ್ತವೆ. ದಾಮು ಇರುವ ಲಾಂಚಿನಲ್ಲಿ ಒಬ್ಬನೂ ವಾಂತಿ ಮಾಡಿದ್ದಿಲ್ಲ ಅಂತಾರೆ. ಹೆದರಿ ಅಳುತ್ತಾ ಹತ್ತಿದ ಅಜ್ಜಿಯೊಬ್ಬಳು ದಡ ಮುಟ್ಟಿದ ಮೇಲೂ ಇಳಿಯದೆ ಇನ್ನೊಂದು ಹಾಡು ಅಂದಳಂತೆ. ಏಳು ಸಲ ಹೋಗಿ ಬಂದಳು ಅನ್ನುವವರೂ ಇದ್ದಾರೆ. ಇದು ಸಣ್ಣ ವಿದ್ಯೆಯಾ, ಹೇಳಿ ನೋಡುವ!

ಊರಿಗೆ ಮಾತ್ರ ಅವನೆಂದರೆ ತಾತ್ಸಾರ. ಅವನ ಹಾಡು ಕೇಳಲು ಬಂದವರಿಗೆ ಎಳನೀರು ಮಾರಿ, ಮೀನು ಹುರಿದು ಕೊಟ್ಟು ಊರೇ ಹಂಚಿನ ಮನೆ ಕಟ್ಟಿಕೊಂಡಿತು. ಆದರೆ ಭಜನಾ ಮಂದಿರದೊಳಗೆ ದಾಮುವಿಗೆ ಜಾಗ ಇಲ್ಲ. ಅವನ ಅಪ್ಪ ಸಾಯುವವರೆಗೂ ಅಲ್ಲೇ ತಾಳ ಹಾಕಿದವನು. ಆ ಹಿತ್ತಾಳೆಯ ತಾಳ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅಪ್ಪನ ಜಾಗದಲ್ಲಿ ಕೂತು ಆ ತಾಳ ಹಿಡಿಯಬೇಕು, ದಾಮುವಿಗೆ ಇದ್ದ ಆಸೆ ಅದೊಂದೇ. ಊರಿನ ಯಜಮಾನ, ಗುರಿಕಾರ ಐತಪ್ಪ, ಬಿಡಲಿಲ್ಲ. ಕುಡಿದವರ ಮುಂದೆ ಸೊಂಟ ಕುಣಿಸುವ ಹಾಡು ಹಾಡಿದ ಬಾಯಿ ದೇವರ ಮುಂದೆ ತೆರೆಯಬಾರದು ಅಂದನಂತೆ. ದಾಮು ಪ್ರತಿ ಶನಿವಾರ ಚಪ್ಪಲಿ ಬಿಡುವ ಕಲ್ಲಿನ ಹತ್ತಿರ ನಿಂತು ಭಜನೆ ಕೇಳಿ ಮನೆಗೆ ಹೋಗುತ್ತಿದ್ದ.

ಆ ಊರಲ್ಲಿ ವರ್ಷಕ್ಕೊಮ್ಮೆ ಏಕಾಹ. ಒಂದು ಸೂರ್ಯೋದಯದಿಂದ ಮರು ಸೂರ್ಯೋದಯದವರೆಗೆ ದೀಪ ಆರಬಾರದು, ಭಜನೆ ನಿಲ್ಲಬಾರದು. ನಿಂತರೆ ಆ ವರ್ಷ ಊರಿನ ಬಲೆ ಕಡಲಿಗೆ ಇಳಿಯುವ ಹಾಗಿಲ್ಲ. ಆಚೆ ದಡದ ತಂಡಗಳು ದೋಣಿಯಲ್ಲಿ ಬಂದು ಸರದಿಯಂತೆ ಹಾಡಬೇಕು. ಒಂದು ವರ್ಷ ಮಧ್ಯಾಹ್ನದ ಹೊತ್ತಿಗೆ ಕಡಲು ಎದ್ದಿತು. ದೋಣಿ ದಾಟಲಿಲ್ಲ, ಒಂದು ತಂಡವೂ ಬರಲಿಲ್ಲ. ಬೆಳಗ್ಗಿನಿಂದ ಹಾಡಿದ ಊರಿನವರ ಗಂಟಲು ಒಂದೊಂದಾಗಿ ಕಟ್ಟಿತು. ಕೊನೆಗೆ ಉಳಿದದ್ದು ಐತಪ್ಪ ಒಬ್ಬನೇ, ಅವನ ಸ್ವರವೂ ಒಡಕು ಮಡಕೆ.

ಲಾಂಚೂ ನಿಂತಿತ್ತು, ದಾಮು ಚಪ್ಪಲಿ ಕಲ್ಲಿನ ಹತ್ತಿರವೇ ಇದ್ದ. ಎಲ್ಲರೂ ಅವನನ್ನು ನೋಡಿದರು. ಬಾ ಅನ್ನಲು ಒಬ್ಬರಿಗೂ ಬಾಯಿ ಬರಲಿಲ್ಲ. ಥೂ! ಬಲೆ ಹೋದರೂ ಅಡ್ಡಿಯಿಲ್ಲ, ಜಂಬ ಹೋಗಬಾರದು. ಅವನ ಹೆಂಡತಿ ಗುಲಾಬಿಯೇ ಬೆನ್ನಿಗೆ ಕೈಯಿಟ್ಟು ದೂಡಿದಳಂತೆ: "ಹೋಗಿ ಮಾರಾಯ್ರೆ. ಮಾನ ಅವಮಾನ ನಾಳೆ ನೋಡುವ."

ಐತಪ್ಪನ ಸಾಲು ಕಡಿಯುವುದಕ್ಕೂ ದಾಮು ಅದರ ಬಾಲ ಹಿಡಿಯುವುದಕ್ಕೂ ಸರಿಹೋಯಿತಂತೆ. ಹಾಡುತ್ತಲೇ ಮೊಳೆಯಿಂದ ತಾಳ ತೆಗೆದ, ಹಾಡುತ್ತಲೇ ಅಪ್ಪನ ಜಾಗದಲ್ಲಿ ಕೂತ. ಭಜನೆ ಅಂದರೆ ಒಬ್ಬ ಹೇಳಿದ್ದನ್ನು ಹತ್ತು ಜನ ತಿರುಗಿ ಹೇಳಬೇಕು, ಜನವೋ ಬಳಲಿ ತೂಕಡಿಸುತ್ತಿತ್ತು. ಲಾಂಚಿನಲ್ಲಿ ಹೆದರಿದವರನ್ನು ಎಬ್ಬಿಸಿ ಕುಣಿಸಿದವನಲ್ಲವಾ ದಾಮು? ದೇವರ ಹೆಸರನ್ನು ಲಾಂಚಿನ ಧಾಟಿಗೆ ಹಾಕಿಬಿಟ್ಟ. ರಾಮ ಬಂದ, ವಿಠಲ ಬಂದ, ಕುಣಿಯುವ ಧಾಟಿಯಲ್ಲೇ ಬಂದರು. ಮಕ್ಕಳು ಚಪ್ಪಾಳೆ ಹಾಕಿದವು, ಮುದುಕಿಯರು ಎದ್ದು ಹೆಜ್ಜೆ ಹಾಕಿದರು, ಐತಪ್ಪನ ತಲೆ ತಾನಾಗಿ ತೂಗಿತು. ಏಳು ಗಂಟೆ ಹಾಡಿದ ಅಂತಾರೆ, ಒಂಬತ್ತು ಅಂತಲೂ ಅಂತಾರೆ. ಅಷ್ಟು ಹೊತ್ತೂ ಜನ ತಿರುಗಿ ಹೇಳುವ ಸಂದಿಯಲ್ಲಿ ಒಂದೊಂದು ಗುಟುಕು ಜೀರಿಗೆ ಕಷಾಯ ಕೊಟ್ಟವಳು ಗುಲಾಬಿ ಒಬ್ಬಳೇ. ದೀಪ ಆರಲಿಲ್ಲ, ಹಾಡು ತುಂಡಾಗಲಿಲ್ಲ. ಕಡಲು ಇಳಿದು ತಂಡದವರು ಬಂದಾಗ ದಾಮು ಎದ್ದು ಜಾಗ ಬಿಟ್ಟ.

ಮರುದಿನ ಬೆಳಿಗ್ಗೆ ಮಂಗಳವಾಯಿತು. ಬಂದ ತಂಡಗಳಿಗೆಲ್ಲ ಶಾಲು, ತೆಂಗಿನಕಾಯಿ. ದಾಮುವಿಗೆ ಏನು ಗೊತ್ತಾ? ಅವನು ಕೂತ ಜಾಗಕ್ಕೆ ಪುಣ್ಯಾಹ! ಲಾಂಚಿನ ಧಾಟಿಯಿಂದ ಮೈಲಿಗೆ ಆಯಿತಂತೆ! ಭಟ್ಟರನ್ನು ಕರೆಸಿ, ಅವನ ಕಣ್ಣೆದುರೇ ಆ ನೆಲಕ್ಕೆ ನೀರು ಚಿಮುಕಿಸಿದರು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ.

ಆಗ ಗುಲಾಬಿ ಹೇಳಿದ ಮಾತು ಆ ಊರಲ್ಲಿ ಇವತ್ತಿಗೂ ಉಂಟು: "ಆ ನೆಲ ಏನು ಮಾಡಿತು ಗುರಿಕಾರ್ರೆ? ತಲೆ ತೂಗಿದವರು ನೀವು. ನೀರು ನಿಮ್ಮ ತಲೆಗೆ ಹಾಕಿಸಿಕೊಳ್ಳಿ."

ದಾಮು ಅಪ್ಪನ ತಾಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ನಡೆದ. ಯಾರೂ ತಡೆಯಲಿಲ್ಲ. ಸಾಯುವವರೆಗೂ ಲಾಂಚಿನಲ್ಲಿ ಆ ತಾಳ ಹಾಕಿಯೇ ಹಾಡಿದ. ಮಂದಿರದ ಕಡೆ ಮತ್ತೆ ಕಾಲಿಡಲಿಲ್ಲ.

ಈಗ ಆ ಊರಿಗೆ ಹೋಗಿ ನೋಡಿ. ಏಕಾಹದ ಮಧ್ಯಾಹ್ನ ಭಜನೆ ಲಾಂಚಿನ ಧಾಟಿಗೆ ತಿರುಗುತ್ತದೆ. ಐತಪ್ಪನ ಮೊಮ್ಮಕ್ಕಳೇ ಹೇಳಿಕೊಡುತ್ತಾರೆ. ಯಾರ ಧಾಟಿ ಅಂತ ಕೇಳಿದರೆ ಹಿರಿಯರದು ಅಂತಾರೆ. ಹಿರಿಯರದಂತೆ! ದಾಮು ಅಂದರೆ ನಾಲಿಗೆ ಬಿದ್ದುಹೋಗುತ್ತದಾ? ಗೋಡೆಯ ಮೊಳೆ ಇನ್ನೂ ಖಾಲಿ ಉಂಟು, ಅದಕ್ಕಾದರೂ ನಾಚಿಕೆ ಬೇಡವಾ?

ಹೆಂಗಸರು ಮಾತ್ರ ಮರೆತಿಲ್ಲ. ಆ ಹೊತ್ತಿಗೆ ಸರಿಯಾಗಿ ಚಪ್ಪಲಿ ಕಲ್ಲಿನ ಮೇಲೆ ಒಂದು ಲೋಟ ಜೀರಿಗೆ ಕಷಾಯ ತಂದಿಡುತ್ತಾರೆ. ಒಳಗೆ ಬರಲು ಅಂಜಿ ಅಲ್ಲಿ ನಿಂತವರು ಯಾರೇ ಇರಲಿ, ಅದನ್ನು ಕುಡಿದು ಒಳಗೆ ಬಂದು ಹಾಡಬೇಕು. ನಿನಗೆ ಎಂಥ ಹಾಡು ಬರುತ್ತದೆ ಅಂತ ಗುರಿಕಾರನೂ ಕೇಳುವ ಹಾಗಿಲ್ಲ.