ಕಲ್ಲಿನ ಜಾಗಕ್ಕೆ ನಿಂಬೆಹಣ್ಣು

ಇಳಿಜಾರಿನ ಅಂಗಳದಲ್ಲಿ ಎರಡು ಹಳೇ ಡೀಸೆಲ್ ಜೀಪುಗಳು ಮಾರಾಟಕ್ಕೆ ನಿಂತಿದ್ದವು, ಒಂದು ಅಜ್ಜನ ಕಾಲದ್ದು, ಇನ್ನೊಂದು ಮೊಮ್ಮಗನ ಕಾಲದ್ದು. ಶಾಲೆ ಮಕ್ಕಳನ್ನು ಘಟ್ಟ ಹತ್ತಿಸುವ ಬೊಳ್ಳಮ್ಮ ಬಂದು, "ಹೊಸದರಲ್ಲಿ ಬರೀ ವೈರು. ಅಜ್ಜನೇ ಗಟ್ಟಿ," ಎಂದಳು.

ಹೊಗಳಿಕೆ ಕೇಳಿ ಅಜ್ಜ ಜೀಪು ತನ್ನನ್ನು ತಡೆದಿದ್ದ ಕಲ್ಲಿಗೆ ಇನ್ನಷ್ಟು ಒತ್ತಿಕೊಂಡಿತು. ಅದನ್ನೇ ಕೊಳ್ಳಲು ಒಪ್ಪಿ ಪೂಜೆ ಮುಗಿಸಿದ ಬೊಳ್ಳಮ್ಮ, ಚಕ್ರದಡಿಯ ಕಲ್ಲು ಸರಿಸಿ ನಿಂಬೆಹಣ್ಣು ಇಡಲು ಬಗ್ಗಿದಳು.

"ಕಲ್ಲು ತೆಗೆಯಬೇಡಮ್ಮಾ," ಎಂದುಬಿಟ್ಟಿತು ಜೀಪು. "ಹತ್ತುವಾಗ ನನ್ನ ನಾಲ್ಕೂ ಚಕ್ರ ಎಳೆಯುತ್ತವೆ. ಇಳಿಯುವಾಗ ಒಂದೂ ನಿಲ್ಲುವುದಿಲ್ಲ."

ಬೊಳ್ಳಮ್ಮ ಮೊಮ್ಮಗ ಜೀಪಿನ ಬ್ರೇಕು ತುಳಿದು ನೋಡಿದಳು. ಗಟ್ಟಿಯಾಗಿ ಹಿಡಿಯಿತು. ನಿಂಬೆಹಣ್ಣನ್ನು ಅದರ ಚಕ್ರದಡಿ ಇಟ್ಟು, ಹಣ್ಣಿನ ಮೇಲೆ ಹತ್ತಿಸಿಕೊಂಡು ಹೊರಟಳು.

"ಮಾರಾಟ ತಪ್ಪಿತಲ್ಲ," ಎಂದಿತು ಕಲ್ಲು.

"ತಪ್ಪಿತು, ಬದುಕಿದೆ," ಎಂದು ಅಜ್ಜ ಜೀಪು ಹಾಯಾಗಿ ಅದಕ್ಕೆ ಒರಗಿತು.